ಸದ್ಯ ಏನ್ ಕೇಳ್ತಿದೀನಿ, ಹೇಗೆ ಕೇಳ್ತಿದೀನಿ: ನನ್ನ ಅನುಭವ

ಸದ್ಯ ನನ್ನ ಫೋನಲ್ಲಿ ಓಡ್ತಿರೋದು ಎರಡೇ ಹಿಂದೂಸ್ತಾನಿ ರಾಗ. ಬೆಳಿಗ್ಗೆ ದೇಶಕಾರ್, ರಾತ್ರಿ ಊಟಕ್ಕೆ ಮುಂಚೆ ಭೂಪ್. ಈ ತಿಂಗಳೆಲ್ಲಾ ಇದೇ ನಡೀತಿದೆ, ಬೇರೆ ಏನಾದ್ರೂ ಕಿವಿಗೆ ಬಿದ್ರೆ ಬೀಳ್ಲಿ, ಆದ್ರೆ ನಾನಾಗಿ ಹುಡುಕಿ ಹಾಕ್ಕೊಳ್ಳೋದು ಇವೆರಡನ್ನೇ. ನಾವು ಒಂದಷ್ಟು ಜನ ಸ್ನೇಹಿತರು ವರ್ಷಗಳಿಂದ ಒಬ್ಬರಿಗೊಬ್ಬರು "ಈಗ ಏನ್ ಕೇಳ್ತಿದೀರಾ" ಅಂತ ವಿಚಾರಿಸ್ಕೊಂಡು ಹಾಡು ಹಂಚ್ಕೋತಾ ಬಂದಿದೀವಿ. ಒಬ್ರು ಧಾರವಾಡದವರು, ಒಬ್ರು ಕುಂದಾಪುರದ ಕಡೆಯವರು, ಒಬ್ಬ ನ್ಯೂಜೆರ್ಸಿಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡಿದಾನೆ, ನಾನು ಮೈಸೂರು ಕಡೆಯವನು. ನಾನು ಹಿಂದೂಸ್ತಾನಿ ಸಂಗೀತ ಕೇಳೋಕೆ ಕಲ್ತಿದ್ದು ಇವರ ಜೊತೆ ಹಂಚ್ಕೊಂಡೇ. ಹಾಡೋಕೆ ಬರಲ್ಲ, ನುಡಿಸೋಕೆ ಬರಲ್ಲ, ಕೇಳೋದು ಮಾತ್ರ, ಆದ್ರೆ ಕೇಳೋದನ್ನೂ ಒಂದು ಅಭ್ಯಾಸದ ತರ ಮಾಡಬಹುದು ಅನ್ನೋದು ನನ್ನ ಅನುಭವಕ್ಕೆ ಬಂದಿದೆ, ಅದನ್ನೇ ಇಲ್ಲಿ ಬರೀತಿದೀನಿ.

ಶುರುನಲ್ಲಿ ಎಲ್ಲರೂ ಬರೀ ಲಿಂಕ್ ಕಳಿಸ್ತಿದ್ವಿ. ಕೆಳಗೆ "ಸೂಪರ್", "ಅದ್ಭುತ", ಒಂದು ಕೈ ಮುಗಿಯೋ ಚಿತ್ರ, ಅಷ್ಟೇ. ಐವತ್ತು ನಿಮಿಷದ ರೆಕಾರ್ಡಿಂಗ್ ಕಳಿಸಿದ್ರೆ ಯಾರು ಕೇಳ್ತಾರೆ ಯಾರು ಬಿಡ್ತಾರೆ ಗೊತ್ತೇ ಆಗ್ತಿರಲಿಲ್ಲ. ಆಗ ಧಾರವಾಡದವರು ಒಂದಿನ ಫೋನ್ ಮಾಡಿ, "ಸರ್, ಬರೇ ಲಿಂಕ್ ಒಗದ್ರ ಹೆಂಗ್ರಿ, ಅದ್ರಾಗ ಎಲ್ಲಿ ಏನ್ ಕೇಳ್ಬೇಕು ಅನ್ನೂದೂ ಹೇಳ್ರಲಾ, ನಿಮಗ ಯಾವ ಜಾಗಾ ಹಿಡಿಸ್ತು ಅಂತರೆ ತಿಳೀಲಿ" ಅಂದ್ರು. ಅವತ್ತಿಂದ ನಾವು ಒಂದು ಪದ್ಧತಿ ಇಟ್ಕೊಂಡ್ವಿ. ಏನೇ ಕಳಿಸಿದ್ರೂ ರಾಗ ಯಾವುದು, ಹಾಡಿರೋದು ಯಾರು, ಎಷ್ಟನೇ ನಿಮಿಷದಲ್ಲಿ ಕಿವಿ ಕೊಡಬೇಕು, ಅಲ್ಲಿ ಏನಾಗತ್ತೆ, ಇಷ್ಟು ಬರೀಲೇಬೇಕು. ಉದ್ದ ಬೇಕಾಗಿಲ್ಲ, ಎರಡು ಸಾಲು ಸಾಕು. ನೋಡೋಕೆ ಸಣ್ಣ ವಿಷಯ, ಆದ್ರೆ ಆ ಎರಡು ಸಾಲು ಬರೀಬೇಕು ಅಂದ್ರೆ ಮೊದಲು ನಾವು ಪೂರ್ತಿ ಕೇಳಿರ್ಬೇಕು, ಕೇಳ್ವಾಗ ಗಮನ ಇಟ್ಟಿರ್ಬೇಕು, ಆ ಜಾಗಕ್ಕೆ ವಾಪಸ್ ಹೋಗಿ ಇನ್ನೊಂದ್ಸಲ ಕೇಳಿ ಅಲ್ಲಿ ನಿಜವಾಗ್ಲೂ ಏನಾಯ್ತು ಅಂತ ಗುರುತಿಸ್ಬೇಕು. ನನ್ನ ಕಿವಿ ಬೆಳೆದಿದ್ದು ಅಲ್ಲೇ.

ಭೂಪ್-ದೇಶಕಾರ್ ವಿಷಯಕ್ಕೆ ಬರ್ತೀನಿ. ನಮ್ಮ ಮನೇಲಿ ಮೊದಲಿಂದ ಕರ್ನಾಟಕ ಸಂಗೀತದ ವಾತಾವರಣ, ರೇಡಿಯೋದಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಬಂದ್ರೆ ಮಾತು ನಿಲ್ಲಿಸೋ ಮನೆ. ಹಾಗಾಗಿ ಭೂಪ್ ಮೊದಲ ಸಲ ಕೇಳಿದಾಗ "ಓ, ಇದು ನಮ್ಮ ಮೋಹನ ರಾಗ" ಅನ್ಸ್ತು. ಸ್ವರಗಳು ಅವೇ ಐದು, ಸ ರಿ ಗ ಪ ದ. ಮ ಇಲ್ಲ, ನಿ ಇಲ್ಲ. ದೇಶಕಾರ್‌ಗೂ ಇವೇ ಐದು! ಒಂದೇ ಐದು ಸ್ವರದಲ್ಲಿ ಎರಡು ಬೇರೆ ರಾಗ ಅಂದ್ರೆ ಏನರ್ಥ, ಅದೂ ಒಂದು ರಾತ್ರಿಗೆ ಇನ್ನೊಂದು ಬೆಳಿಗ್ಗೆಗೆ, ಇದು ತಲೆಗೆ ಹತ್ತೋಕೆ ನನಗೆ ಕಿವಿಯೇ ಬೇಕಾಯ್ತು, ಪುಸ್ತಕದಲ್ಲಿ ಓದಿದ್ರೆ ವಾದಿ (ರಾಗದ ಮುಖ್ಯ ಸ್ವರ) ಗಾಂಧಾರ ಅಂದ್ರೆ ಗ, ವಾದಿ ಧೈವತ ಅಂದ್ರೆ ದ, ಅಂತ ಬರೆದಿರತ್ತೆ, ಓದಿ ಮರೀಬಹುದು. ನಾನು ಮಾಡಿದ್ದು ಹೀಗೆ: ಭೂಪ್ ಹಾಕ್ಕೊಂಡು ಗಾಯಕರು ಎಲ್ಲಿ ನಿಲ್ತಾರೆ ಅನ್ನೋದನ್ನ ಮಾತ್ರ ನೋಡ್ತಾ ಹೋದೆ, ಬೇರೆ ಏನನ್ನೂ ಗಮನಿಸ್ಲಿಲ್ಲ. ನಿಲ್ಲೋದು ಗ ಮೇಲೆ. ಪ ಇಂದ ಮೀಂಡ್‌ನಲ್ಲಿ ಜಾರ್ಕೊಂಡು ಗ ಗೆ ಬರ್ತಾರೆ, ಅಲ್ಲಿ ಕೂರ್ತಾರೆ, ಅಲ್ಲಿಂದ ರಿ ಮುಟ್ಕೊಂಡು ಸ ಗೆ ಇಳೀತಾರೆ. ಓಡಾಟ ಹೆಚ್ಚು ಕೆಳಗಡೆ ಮತ್ತು ನಡುವೆ. ಆಮೇಲೆ ದೇಶಕಾರ್ ಹಾಕಿದೆ. ಇಲ್ಲಿ ದ ಮೇಲೆ ನಿಲ್ತಾರೆ, ದ ಪ, ದ ಪ ಅಂತ ಅಲ್ಲೇ ಸುತ್ತುತ್ತಾರೆ, ರಿ ಮೇಲೆ ಕೂರೋದೇ ಇಲ್ಲ, ಹಾಗೇ ಸವರಿ ಹೋಗ್ತಾರೆ, ಇಡೀ ರಾಗ ಮೇಲಿನ ಅರ್ಧದಲ್ಲಿ, ತಾರ ಸ, ಅಂದ್ರೆ ಮೇಲಿನ ಸ, ಕಡೆ ಮುಖ ಮಾಡಿರತ್ತೆ. ಒಂದು ಸಲ ಈ ವ್ಯತ್ಯಾಸ ಕಿವಿಗೆ ಸಿಕ್ಕಿದ್ಮೇಲೆ ಎರಡನ್ನೂ ಅದಲು ಬದಲು ಹಾಕಿದ್ರೂ ಮೊದಲ ನಿಮಿಷದಲ್ಲೇ ಗೊತ್ತಾಗತ್ತೆ. ಇದು ಗೊತ್ತಾದ ದಿನ ನನಗಾದ ಖುಷಿ ಹೇಳೋಕೆ ಬರಲ್ಲ. ಭೂಪ್‌ಗೆ ಕಿಶೋರಿ ಅಮೋಣಕರ್ ಅವರದ್ದನ್ನೇ ಮೊದಲು ಕೇಳಿ ಅಂತ ಎಲ್ಲರಿಗೂ ಹೇಳ್ತೀನಿ, "ಸಹೇಲಾ ರೇ" ಗೊತ್ತಿರೋರು ತುಂಬಾ ಜನ, ಅದಕ್ಕೂ ಮುಂಚೆ ಬರೋ ವಿಲಂಬಿತ್, ಅಂದ್ರೆ ನಿಧಾನ ಲಯದ, ಭಾಗನ ಹಾರಿಸ್ಬೇಡಿ, ಗಾಂಧಾರ ಅಂದ್ರೆ ಏನು ಅಂತ ಅಲ್ಲಿ ತಿಳಿಯತ್ತೆ.

ಹೊಸಬರು ಕೇಳೋ ಮೊದಲ ಪ್ರಶ್ನೆ, ಸ್ವರಜ್ಞಾನ ಇಲ್ದೆ ಇದೆಲ್ಲಾ ಗೊತ್ತಾಗತ್ತಾ ಅಂತ. ಗೊತ್ತಾಗತ್ತೆ, ಆದ್ರೆ ಸ ಒಂದು ಹಿಡ್ಕೋಬೇಕು. ನಾನು ಯಾವುದೇ ರೆಕಾರ್ಡಿಂಗ್ ಹಾಕಿದ್ರೂ ಮೊದಲು ತಂಬೂರಿ ಮಾತ್ರ ಕೇಳ್ತೀನಿ, ಗಾಯಕರು ಬಾಯಿ ಬಿಡೋ ಮುಂಚೆ ಸಿಗೋ ಆ ಅರ್ಧ ನಿಮಿಷ ಬಹಳ ಬೆಲೆಯುಳ್ಳದ್ದು, ತುಂಬಾ ಜನ ಅದನ್ನ ಮುಂದಕ್ಕೆ ಓಡಿಸ್ಬಿಡ್ತಾರೆ. ಬಾಯಲ್ಲೇ ಸಣ್ಣಗೆ ಸ ಅಂತ ಸೇರಿಸಿ ಹೇಳಿ, ದನಿ ತಂಬೂರಿ ಒಳಗೆ ಕರಗಿ ಹೋಯ್ತು ಅಂದ್ರೆ ಸಿಕ್ತು ಅಂತ. ಫೋನಿನ ತಂಬೂರಿ ಆ್ಯಪ್ ಹಾಕಿ ಆ ಶ್ರುತಿಗೆ ಹೊಂದಿಸ್ಕೊಂಡ್ರೆ ಹಾಡು ನಿಂತ್ಮೇಲೂ ಮನಸಲ್ಲಿ ರಾಗ ಓಡಿಸ್ಬಹುದು. ಇನ್ನೊಂದು, ತಂಬೂರಿಯ ಮೊದಲ ತಂತಿ ಯಾವ ಸ್ವರಕ್ಕಿದೆ ಅಂತ ಗಮನಿಸಿ. ಸಾಮಾನ್ಯವಾಗಿ ಪ, ಆದ್ರೆ ಪ ಇಲ್ಲದ ರಾಗ ಆದ್ರೆ ಬದಲಾಗತ್ತೆ, ಮಾಲ್ಕಂಸ್‌ಗೆ ಮ, ಮಾರ್ವಾ ಪೂರಿಯಾಗಳಿಗೆ ಬಹಳ ಸಲ ನಿ. ಹಾಡು ಶುರುವಾಗೋ ಮುಂಚೆನೇ ರಾಗದ ಬಗ್ಗೆ ಒಂದು ಸುಳಿವು ಸಿಕ್ಬಿಡತ್ತೆ.

ಮಾರ್ವಾ ಅಂದ ತಕ್ಷಣ ನೆನಪಾಯ್ತು, ಹೋದ ಸಲ ನಮ್ಮಲ್ಲಿ ಹೆಚ್ಚು ಚರ್ಚೆ ಆಗಿದ್ದು ಈ ರಾಗಗಳ ಗುಂಪಿನ ಬಗ್ಗೆನೇ. ಮಾರ್ವಾ, ಪೂರಿಯಾ, ಸೋಹನಿ, ಮೂರಕ್ಕೂ ಸ್ವರ ಅವೇ ಆರು: ಸ, ಕೋಮಲ (ಇಳಿಸಿದ) ರಿ, ಗ, ತೀವ್ರ (ಏರಿಸಿದ) ಮ, ದ, ನಿ. ಪ ಇಲ್ಲ. ಕರ್ನಾಟಕ ಸಂಗೀತ ಗೊತ್ತಿರೋರಿಗೆ ಹಂಸಾನಂದಿ ಅಂದ್ರೆ ತಕ್ಷಣ ಅರ್ಥ ಆಗತ್ತೆ. ಮಾರ್ವಾದಲ್ಲಿ ಕೋಮಲ ರಿ ಮತ್ತೆ ದ ಮೇಲೆ ಭಾರ, ಪೂರಿಯಾದಲ್ಲಿ ಗ ಮತ್ತೆ ನಿ ಮೇಲೆ ಭಾರ ಮತ್ತು ಓಡಾಟ ಕೆಳಗಿನ ಸ್ಥಾಯಿಯಲ್ಲಿ ಜಾಸ್ತಿ, ಸೋಹನಿ ಮಾತ್ರ ಮೇಲೇ ಹಾರಾಡ್ತಿರತ್ತೆ, ತಾರ ಸ ಸುತ್ತಮುತ್ತ, ಚುರುಕಾಗಿ.

ಮಾರ್ವಾನಲ್ಲಿ ಒಂದು ವಿಶೇಷ ಇದೆ, ಅದರಲ್ಲಿ ಸ ಗೆ ಸುಲಭವಾಗಿ ಬರೋದೇ ಇಲ್ಲ. ಉಸ್ತಾದ್ ಅಮೀರ್ ಖಾನ್ ಅವರ ಮಾರ್ವಾ ಎಲ್‌ಪಿ ಇದೆ ಅಲ್ವಾ, ಒಂದು ಕಡೆ ಮಾರ್ವಾ ಇನ್ನೊಂದು ಕಡೆ ದರ್ಬಾರಿ, ಅದನ್ನ ಸಂಜೆ ಹೊತ್ತು, ಲೈಟ್ ಹಾಕೋ ಮುಂಚೆ, ಕೂತು ಕೇಳಿ. ರಿ ಮೇಲೆ ನಿಂತಿರ್ತಾರೆ, ತಂಬೂರಿ ಸ ಅಂತಿರತ್ತೆ, ಇವರು ಅದಕ್ಕೆ ಅಂಟ್ಕೊಂಡೇ ಸ್ವಲ್ಪ ಮೇಲಿರೋ ರಿ ಹಿಡಿದಿರ್ತಾರೆ, ನಮ್ಮ ಕಿವಿಗೆ ಈಗ ಸ ಗೆ ಬಂದ್ಬಿಡ್ಲಿ ಅನ್ಸತ್ತೆ, ಬರಲ್ಲ, ಕೆಳಗೆ ನಿ ಗೆ ಹೋಗ್ತಾರೆ, ಅಲ್ಲಿಂದ ದ ಗೆ, ಮತ್ತೆ ಮೇಲೆ ರಿ ಗೆ, ಸ ನ ದಾಟ್ಕೊಂಡೇ ಓಡಾಡ್ತಾರೆ. ಕೊನೆಗೊಮ್ಮೆ ಸ ಮೇಲೆ ಬಂದು ನಿಂತಾಗ ಎದೆ ಮೇಲಿನ ಭಾರ ಇಳಿಸಿದ ಹಾಗಾಗತ್ತೆ. ಅದರ ತಾಳ ಝೂಮರಾ, 14 ಮಾತ್ರೆ ಅಂದ್ರೆ 14 ಎಣಿಕೆಯ ಸುತ್ತು, ಬಹಳ ನಿಧಾನ, ಹಾಗಾಗಿ ಒಂದೊಂದು ಸ್ವರದ ಮೇಲೂ ಇರೋಕೆ ಅವರಿಗೆ ಜಾಗ ಇದೆ. ಇದಾದ್ಮೇಲೆ ಗಂಗೂಬಾಯಿ ಹಾನಗಲ್ಲರ ಮಾರ್ವಾ ಹಾಕಿ, ಇಲ್ಲಿ ಅದೇ ರಿ ಎಷ್ಟು ಗಟ್ಟಿಯಾಗಿ, ಎದುರಿಗೆ ನಿಂತು ಮಾತಾಡಿಸೋ ತರ ಬರತ್ತೆ ನೋಡಿ. ಆಮೇಲೆ ಭೀಮಸೇನ ಜೋಶಿಯವರದ್ದು. ಮೂರು ಜನ, ಒಂದೇ ರಾಗ, ಮೂರೂ ಕೇಳಿದ್ಮೇಲೆ ಮಾರ್ವಾ ಅನ್ನೋದು ಯಾರೊಬ್ಬರ ಹಾಡೂ ಅಲ್ಲದೆ ಬೇರೇನೇ ಒಂದು ಆಕಾರವಾಗಿ ಮನಸಲ್ಲಿ ಕೂರತ್ತೆ. ಒಂದು ರಾಗಕ್ಕೆ ಕಮ್ಮಿ ಅಂದ್ರೂ ಮೂರು ದನಿ ಕೇಳ್ಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ. ಒಬ್ಬರದ್ದೇ ಕೇಳ್ತಿದ್ರೆ ರಾಗ ಯಾವುದು ಗಾಯಕರ ಸ್ವಭಾವ ಯಾವುದು ಅಂತ ಬೇರ್ಪಡಿಸೋಕೆ ಆಗಲ್ಲ.

ಭೀಮಸೇನರು, ಗಂಗೂಬಾಯಿಯವರು ಇಬ್ಬರೂ ಒಂದೇ ಗುರುವಿನ ಶಿಷ್ಯರು, ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹುಬ್ಬಳ್ಳಿಯಿಂದ ಟ್ರೇನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸ್ಕೊಂಡು ಬರ್ತಿದ್ರು, ಭೀಮಸೇನರು ಗುರುಗಳ ಮನೇಲೇ ಇದ್ರು. ಪಾಠ ಒಂದೇ, ಘರಾಣಾ ಅಂದ್ರೆ ಗಾಯನ ಪರಂಪರೆಯೂ ಒಂದೇ, ಕಿರಾಣಾ. ಆದ್ರೆ ಕೇಳೋಕೆ ಕೂತ್ರೆ ಎಷ್ಟು ಬೇರೆ! ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆ ಆದ್ಮೇಲೆ ಬದಲಾಗಿದ್ದು ಎಲ್ಲರಿಗೂ ಗೊತ್ತು. 1930ರ ದಶಕದಲ್ಲಿ ಅವರು "ಗಾಂಧಾರಿ" ಅನ್ನೋ ಹೆಸರಲ್ಲಿ ಕೊಟ್ಟ ಹಳೇ ರೆಕಾರ್ಡ್‌ಗಳಲ್ಲಿ ದನಿ ತೆಳುವಾಗಿ, ಎತ್ತರದಲ್ಲಿರತ್ತೆ, ಆಮೇಲಿನದ್ದು ತುಂಬಿದ ಗಂಭೀರ ದನಿ. ಹೊಸದಾಗಿ ಕೇಳೋರು ಇದು ಗಂಡಸರ ದನಿ ಅನ್ಕೊಳ್ಳೋದುಂಟು. ನ್ಯೂಜೆರ್ಸಿ ಗೆಳೆಯನಿಗೆ ನಾನು ಎರಡನ್ನೂ ಒಂದರ ಹಿಂದೆ ಒಂದು ಕಳಿಸಿದ್ದೆ, ಮಗಳು ಕೃಷ್ಣಾ ಹಾನಗಲ್ ಜೊತೆ ಹಾಡಿರೋ ಒಂದು ಕಛೇರಿಯನ್ನೂ ಸೇರಿಸಿ. ಅಲ್ಲಿ ತಾಯಿ ದನಿ ಕೆಳಗಿಂದ ಏಳೋದು, ಮಗಳ ದನಿ ಮೇಲಿಂದ ಬಂದು ಸೇರೋದು, ಒಬ್ಬರು ಉಸಿರು ತಗೊಳ್ಳೋವಾಗ ಇನ್ನೊಬ್ಬರು ಸ್ವರ ಬಿಡದೆ ಹಿಡಿಯೋದು, ಇದನ್ನ ಕೇಳೋಕೆ ಹೆಡ್‌ಫೋನ್ ಬೇಕು, ಸ್ಪೀಕರಲ್ಲಿ ಎರಡೂ ದನಿ ಒಂದಾಗಿ ಹೋಗತ್ತೆ.

ಇನ್ನು ಮಲ್ಲಿಕಾರ್ಜುನ ಮನ್ಸೂರ್. ನನ್ನ ಮಟ್ಟಿಗೆ ಇವರಿಗಿಂತ ದೊಡ್ಡವರಿಲ್ಲ, ಇದನ್ನ ವಾದ ಮಾಡೋಕೆ ಹೇಳ್ತಿಲ್ಲ, ನನ್ನ ಮನಸಿನ ಮಾತು ಹೇಳ್ತಿದೀನಿ. ಆದ್ರೆ ಹೊಸಬರಿಗೆ ಇವರು ತಕ್ಷಣ ದಕ್ಕಲ್ಲ ಅನ್ನೋದೂ ನಿಜ. ಬೇರೆಯವರ ವಿಲಂಬಿತ್‌ನಲ್ಲಿ ಒಂದೊಂದೇ ಸ್ವರ ಬಿಡಿಸಿ ತೋರಿಸೋ ತರ ಇಲ್ಲಿ ಇರಲ್ಲ. ಸಣ್ಣ ಆಲಾಪ, ತಕ್ಷಣ ಚೀಜ್, ಅಂದ್ರೆ ಹಾಡು, ಶುರು, ಮಧ್ಯ ಲಯದ ತೀನ್‌ತಾಳ, ಅಲ್ಲಿಂದ ಮುಂದೆ ನಿಲ್ಲೋದೇ ಇಲ್ಲ. ಒಂದು ಸಾಲಿಂದ ಇನ್ನೊಂದು ಸಾಲು ಹುಟ್ಟತ್ತೆ, ಅದು ಮುಗಿಯೋ ಮೊದಲೇ ತಾನ್, ಅಂದ್ರೆ ವೇಗದ ಸ್ವರಗಳ ಓಟ, ಆಗಿರತ್ತೆ, ತಾನ್ ಸುತ್ತಿ ಬಳಸಿ ಎಲ್ಲೋ ಹೋಗಿ ಸರಿಯಾಗಿ ಸಮಕ್ಕೆ, ಅಂದ್ರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳತ್ತೆ. ನಾನು ಒಳಗೆ ಹೋಗಿದ್ದು ಅವರ ವಚನಗಳ ಮೂಲಕ. ಅಕ್ಕಮಹಾದೇವಿಯ "ಅಕ್ಕ ಕೇಳವ್ವಾ" ಅವರ ಬಾಯಲ್ಲಿ ಕೇಳಿದೋರು ಮರೆಯಲ್ಲ. ಮಾತು ಕನ್ನಡ, ಅರ್ಥ ಗೊತ್ತಿದೆ, ಹಾಗಾಗಿ ಕಿವಿ ಪೂರ್ತಿ ಅವರು ಆ ಮಾತನ್ನ ಹೇಗೆ ಎಳೀತಾರೆ, ಎಲ್ಲಿ ತಿರುಗಿಸ್ತಾರೆ ಅನ್ನೋದರ ಮೇಲೆ ಇಡಬಹುದು. ಅದೇ ತಿರುವು, ಅದೇ ಉಸಿರು ಆಮೇಲೆ ಅವರ ಖಯಾಲ್‌ನಲ್ಲಿ, ಅಂದ್ರೆ ರಾಗ ಬಿಡಿಸಿ ಹಾಡೋ ಶಾಸ್ತ್ರೀಯ ಗಾಯನದಲ್ಲಿ, ಗುರುತು ಸಿಗತ್ತೆ. ಕನ್ನಡದವರಿಗೆ ಇದೊಂದು ದೊಡ್ಡ ಅನುಕೂಲ, ಬೇರೆ ಭಾಷೆಯವರಿಗೆ ಈ ಬಾಗಿಲು ಇಲ್ಲ. ಭೀಮಸೇನರ ದಾಸವಾಣಿಯೂ ಹಾಗೇ, ಎಷ್ಟೋ ಮನೆಗಳಲ್ಲಿ ಶುಕ್ರವಾರ ಲಕ್ಷ್ಮಿ ಪೂಜೆಗೆ ಪುರಂದರದಾಸರ "ಭಾಗ್ಯದ ಲಕ್ಷ್ಮಿ ಬಾರಮ್ಮ" ಅವರ ದನೀಲೇ ಬರತ್ತೆ, ಆ ಮನೆಗಳ ಮಕ್ಕಳಿಗೆ ಅವರ ಖಯಾಲ್ ಕೇಳಿಸೋದು ಕಷ್ಟ ಆಗ್ಬಾರ್ದು.

ಮನ್ಸೂರರು ಮೊದಲು ಕಲ್ತಿದ್ದು ಅಪ್ಪಯ್ಯಸ್ವಾಮಿಗಳ ಹತ್ರ ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮಿರಜಕರ್ ಹತ್ರ ಗ್ವಾಲಿಯರ್ ಪದ್ಧತಿ, ಅದಾದ್ಮೇಲೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್, 1937ರಲ್ಲಿ ಅವರು ತೀರಿಕೊಂಡ್ಮೇಲೆ ಅವರ ತಮ್ಮ ಭೂರ್ಜಿ ಖಾನ್. ಜೈಪುರ್-ಅತ್ರೌಲಿ ಘರಾಣಾದಲ್ಲಿ ಅಪರೂಪದ ರಾಗ, ಎರಡು ರಾಗ ಸೇರಿಸಿದ ಜೋಡ್ ರಾಗ ಜಾಸ್ತಿ, ಅದನ್ನೆಲ್ಲಾ ಇವರು ಮನೆ ಅಂಗಳದಲ್ಲಿ ಓಡಾಡಿದಷ್ಟು ಸಲೀಸಾಗಿ ಹಾಡಿದ್ರು. ಬಸಂತಿ ಕೇದಾರ ಇದೆ, ಬಸಂತ್ ಮತ್ತು ಕೇದಾರ ಸೇರಿದ್ದು. ನಾವು ನಾಲ್ಕೂ ಜನ ಒಂದು ವಾರ ಬರೀ ಅದನ್ನೇ ಕೇಳಿದ್ವಿ, ಪ್ರತಿಯೊಬ್ಬರೂ ಬಸಂತ್ ಎಲ್ಲಿ ಮುಗಿದು ಕೇದಾರ ಎಲ್ಲಿ ಶುರುವಾಗತ್ತೆ ಅಂತ ನಿಮಿಷ ಸೆಕೆಂಡ್ ಬರೆದು ಕಳಿಸ್ಬೇಕು ಅಂತ ಮಾಡ್ಕೊಂಡು. ಇದಕ್ಕೆ ಮುಂಚೆ ಬಿಡಿ ಬಿಡಿಯಾಗಿ ಬಸಂತ್, ಕೇದಾರ ಎರಡನ್ನೂ ಕೇಳಿಟ್ಕೊಂಡಿದ್ವಿ, ಅದು ಬೇಕೇ ಬೇಕು. ಒಬ್ಬೊಬ್ಬರೂ ಒಂದೊಂದು ಜಾಗ ಬರೆದ್ರು. ಧಾರವಾಡದವರು "ಅದು ಬೆಸಗಿ ಹಾಕಿದ್ದು ಕಾಣ್ಬಾರ್ದು ಅಂತನ ಅವ್ರು ಹಾಡ್ಯಾರ್ರಿ, ನೀವು ಹುಡುಕ್ಲಿಕ್ಕೆ ಹತ್ತೀರಿ" ಅಂತ ನಕ್ಕರು, ಆದ್ರೆ ಅವರೂ ತಮ್ಮ ಜಾಗ ಬರೆದು ಕಳಿಸಿದ್ರು. ಅವರ ಉತ್ತರವೇ ಸರಿ ಇತ್ತು ಅಂತ ಈಗ ನನಗನ್ಸತ್ತೆ, ತೀವ್ರ ಮ ಇಂದ ಶುದ್ಧ ಮ ಗೆ ಬರೋ ಒಂದು ತಿರುವಿನಲ್ಲಿ.

ತಾಳದ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಸಮ ಎಲ್ಲಿ ಅಂತ ಗೊತ್ತಿಲ್ದೆ ಮನ್ಸೂರರನ್ನ ಕೇಳಿದ್ರೆ ಅರ್ಧ ಸುಖ ಹೋಗತ್ತೆ. ಎಣಿಸೋಕೆ ಹೋಗ್ಬೇಡಿ, ಎಣಿಕೆ ಇಟ್ಕೊಂಡ್ರೆ ಹಾಡು ತಪ್ಪತ್ತೆ. ನಾನು ಕಂಡ್ಕೊಂಡ ದಾರಿ ಎಡಗೈ ತಬಲಾ, ಅಂದ್ರೆ ಡಗ್ಗಾ, ಕೇಳೋದು. ತೀನ್‌ತಾಳದಲ್ಲಿ 16 ಮಾತ್ರೆ, ಧಾ ಧಿನ್ ಧಿನ್ ಧಾ ಅಂತ ಎರಡು ಸಲ ಬರತ್ತೆ, ಅಷ್ಟೊತ್ತೂ ಡಗ್ಗಾ ಗುಂ ಅಂತಿರತ್ತೆ, ಆಮೇಲೆ ತಿನ್ ತಿನ್ ತಾ ಅಂತ ಬರೋವಾಗ ಡಗ್ಗಾ ಸುಮ್ಮನಾಗತ್ತೆ, ಬಲಗೈ ಮಾತ್ರ ಟಣ್ ಟಣ್ ಅಂತಿರತ್ತೆ. ಅದೇ ಖಾಲಿ. ಡಗ್ಗಾ ಮತ್ತೆ ಎದ್ದು ನಾಲ್ಕು ಪೆಟ್ಟು ಬಂತು ಅಂದ್ರೆ ಸಮ ಬಂತು. ಹಾಡೋರು ಮುಖಡಾ, ಅಂದ್ರೆ ಚೀಜಿನ ಮೊದಲ ತುಂಡು, ಹಿಡಿಯೋದೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ. ಡಗ್ಗಾ ಸುಮ್ಮನಾಗೋದು, ಏಳೋದು, ಮುಖಡಾ ಬರೋದು, ಈ ಮೂರನ್ನ ಕಿವಿ ಹಿಡಿದ್ರೆ ಸಾಕು, ಕೈ ತಾನಾಗೇ ತೊಡೆ ಮೇಲೆ ಬೀಳತ್ತೆ. ವಿಲಂಬಿತ್ ಏಕತಾಳ ಇನ್ನೂ ಕಷ್ಟ, 12 ಮಾತ್ರೆನೇ ಆದ್ರೂ ಒಂದು ಸುತ್ತು ಮುಗಿಯೋಕೆ ಮುಕ್ಕಾಲು ನಿಮಿಷನೂ ಆಗಬಹುದು, ಅಲ್ಲಿ ಕೊನೆ ಕಡೆ ಬರೋ ತಿರಕಿಟ, ಅದಾದ್ಮೇಲೆ ಧೀ ನಾ, ಇದನ್ನ ಕಾಯ್ತಾ ಕೂತ್ಕೊಳ್ಳಿ. ಸ್ಪೀಕರ್ ವಿಷಯಕ್ಕೂ ಇದು ಸೇರತ್ತೆ: ಫೋನಿನ ಸ್ವಂತ ಸ್ಪೀಕರಲ್ಲಿ ಡಗ್ಗಾ ಕೇಳೋದೇ ಇಲ್ಲ. ದುಬಾರಿ ಸಾಮಾನು ಬೇಕಾಗಿಲ್ಲ, ಸಾಧಾರಣ ವೈರ್ ಇರೋ ಇಯರ್‌ಫೋನ್ ಇದ್ರೂ ಆಗತ್ತೆ.

ಹಳೇ 78 ಆರ್‌ಪಿಎಂ ರೆಕಾರ್ಡ್‌ಗಳ ಬಗ್ಗೆ ಒಂದು ಮಾತು. ಗರಗರ ಶಬ್ದ ಕೇಳಿ ಬಿಟ್ಟುಬಿಡ್ತಾರೆ, ಬಿಡ್ಬೇಡಿ. ಒಂದು ಬದಿಗೆ ಮೂರು ಮೂರೂವರೆ ನಿಮಿಷ ಅಷ್ಟೇ ಜಾಗ, ಅಷ್ಟರಲ್ಲಿ ರಾಗದ ಮುಖ ತೋರಿಸ್ಬೇಕು, ಹಾಗಾಗಿ ಒಂದು ಸ್ವರವೂ ದಂಡ ಆಗಿರಲ್ಲ. ರಾಗ ಗುರುತಿಸೋದು ಕಲಿಯೋಕೆ ಒಂದು ಗಂಟೆಯ ಬೈಠಕ್ ಕಛೇರಿಗಿಂತ ಇವೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಕೆಲಸದ ಮಧ್ಯೆ ನಾಲ್ಕು ಸಲ ಕೇಳಬಹುದು. 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡ್ ಮಾಡಿದ ಗೌಹರ್ ಜಾನ್ ಹಾಡು ಮುಗಿಸಿ ತನ್ನ ಹೆಸರು ತಾನೇ ಕೂಗಿ ಹೇಳ್ತಾರೆ, ಆಗ ರೆಕಾರ್ಡ್ ಅಚ್ಚಾಗ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನೋರಿಗೆ ಇದು ಯಾರದ್ದು ಅಂತ ಗೊತ್ತಾಗ್ಲಿ ಅಂತ. ಗದುಗಿನ ಕಡೆ ಹುಡುಗ ಭೀಮಸೇನ ಕೇಳಿ ಮನೆ ಬಿಟ್ಟು ಹೊರಟಿದ್ದೂ ಇಂಥದ್ದೇ ಒಂದು ರೆಕಾರ್ಡ್‌ನ ಗುಂಗಲ್ಲಿ, ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ. ಅದು ಈಗಲೂ ಸುಲಭವಾಗಿ ಸಿಗತ್ತೆ, ಕೇಳಿ, ಮೂರು ನಿಮಿಷದಲ್ಲಿ ಒಬ್ಬ ಹುಡುಗನ ಬದುಕು ತಿರುಗಿಸೋವಷ್ಟು ಏನಿತ್ತು ಅಂತ ಗೊತ್ತಾಗತ್ತೆ.

ಇಂಟರ್ನೆಟ್ಟಲ್ಲಿ ಸಿಗೋದರಲ್ಲಿ ಹೆಸರು ತಪ್ಪಿರೋದು ಬಹಳ. ಮಾರ್ವಾ ಅಂತ ಬರೆದಿರ್ತಾರೆ, ಒಳಗೆ ಪೂರಿಯಾ ಇರತ್ತೆ. ಹಂಚೋ ಮುಂಚೆ ಒಂದು ಸಲ ಪರೀಕ್ಷೆ ಮಾಡ್ತೀನಿ, ಎಲ್ಲಿ ನಿಲ್ತಾರೆ ನೋಡ್ತೀನಿ, ಗೊತ್ತಾಗ್ದಿದ್ರೆ ಗೊತ್ತಿರೋರನ್ನ ಕೇಳ್ತೀನಿ. ಕೇಳಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ, ರಾಗ, ಹಾಡಿದೋರು, ತಬಲಾ ಯಾರು ಗೊತ್ತಿದ್ರೆ ಅದು, ಇಷ್ಟವಾದ ಜಾಗ. ಒಂದೆರಡು ವರ್ಷ ಬಿಟ್ಟು ಅದೇ ರೆಕಾರ್ಡಿಂಗ್ ಮತ್ತೆ ಕೇಳಿದಾಗ ಆ ಜಾಗದ ಬದಲು ಬೇರೆ ಜಾಗ ಇಷ್ಟ ಆಗತ್ತೆ, ಹಳೇದರ ಪಕ್ಕದಲ್ಲೇ ಅದನ್ನೂ ಬರೀತೀನಿ.

ನಾನು ಹಿಂದೂಸ್ತಾನಿ ಬಗ್ಗೆನೇ ಬರೀತಾ ಹೋದೆ, ಆದ್ರೆ ಬೇರೆಯವರಿಂದ ನನಗೆ ಬಂದಿದ್ದೂ ಕಮ್ಮಿ ಇಲ್ಲ. ಕುಂದಾಪುರದವರು ಈಗ ಕೇಳ್ತಿರೋದು ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆ, 1990ರಲ್ಲಿ ಬಹಳ ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ರು ಅವರು, ಆದ್ರೆ ಕ್ಯಾಸೆಟ್‌ಗಳು ಕರಾವಳಿಲಿ ಇನ್ನೂ ಮನೆಮನೇಲಿ ಇವೆ. "ಮಾರಾಯ್ರೆ, ನೀವು ಮೊದ್ಲು ಪದ ಮಾತ್ರ ಕೇಣಿ, ಚಂಡೆ ಆಮೇಲೆ ಕೇಂಬ್ಕಕ್ಕ್" ಅಂತ ಹೇಳಿ ಕಳಿಸಿದ್ರು. ನಾನು ಮದ್ದಳೆ ಮಾತ್ರ ಇರೋ ಜಾಗ, ಚಂಡೆ ಸೇರೋ ಜಾಗ ಎರಡನ್ನೂ ಗುರುತು ಹಾಕ್ಕೊಂಡು ಕೇಳ್ದೆ. ಚಂಡೆ ಬಂದಾಗ ಭಾಗವತರು ದನಿ ಏರಿಸಿ ಅದರ ಮೇಲೆ ನಿಲ್ಲೋ ರೀತಿ ಕೇಳಿ ಮೈ ಜುಂ ಅಂತು, ಮೈಕ್ ಇಲ್ಲದ ಕಾಲದ ಬಯಲಾಟದಲ್ಲಿ ಹೀಗೇ ಹಾಡಬೇಕಿತ್ತು ಅನ್ನೋದು ಹೊಳೀತು. ಅದೇ ವಾರ ನ್ಯೂಜೆರ್ಸಿಯವನು ಚೌಡಯ್ಯನವರ ಪಿಟೀಲು ಕಳಿಸಿದ್ದ, ಅದಕ್ಕೂ ಇದಕ್ಕೂ ನಂಟಿದೆ ನೋಡಿ. ಮೈಕ್ ಸರಿಯಾಗಿ ಇಲ್ಲದ ಕಾಲದಲ್ಲಿ ಹಿಂದೆ ಕೂತೋರಿಗೂ ಕೇಳ್ಲಿ ಅಂತ ಚೌಡಯ್ಯನವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿ ಪಿಟೀಲು ಮಾಡ್ಕೊಂಡ್ರು. ಹಾಗಾಗಿ ಒಂದು ಸ್ವರದ ಜೊತೆ ಅದರ ಇನ್ನೊಂದು ಸ್ಥಾಯಿಯದ್ದೂ ಸೇರಿ ದಪ್ಪ ನಾದ ಬರತ್ತೆ, ಒಂದೇ ಪಿಟೀಲು ಎರಡಾಗಿ ಕೇಳೋ ಹಾಗೆ. ಗೆಳೆಯ ಬರೆದಿದ್ದು ಒಂದೇ ಸಾಲು, "ಕಮಾನು ತಿರುಗಿಸೋ ಜಾಗದಲ್ಲಿ ಎರಡೂ ತಂತಿ ಒಟ್ಟಿಗೆ ಏಳೋದು ಕೇಳು". ಅಷ್ಟು ಸಾಕಾಯ್ತು, ಅವತ್ತು ರಾತ್ರಿ ಬೇರೇನೂ ಕೇಳ್ಲಿಲ್ಲ.

ರೆಕಾರ್ಡಿಂಗ್ ಎಷ್ಟೇ ಕೇಳಿದ್ರೂ ಎದುರಿಗೆ ಕೂತು ಕೇಳೋದು ಬೇರೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ರಾತ್ರಿಯಿಡೀ ಸಂಗೀತ ನಡೆಯತ್ತೆ, ಅವಕಾಶ ಸಿಕ್ಕರೆ ಹೋಗಿ. ಬೆಂಗಳೂರಿನ ಕಛೇರಿಗಳಲ್ಲಿ ಬೆಳಗಿನ ರಾಗ ಕೇಳೋಕೆ ಸಿಗೋದೇ ಅಪರೂಪ, ಎಲ್ಲಾ ಸಂಜೆ ಆರರಿಂದ ಒಂಬತ್ತು. ರಾತ್ರಿಯಿಡೀ ನಡೆಯೋ ಕಡೆ ಮಾತ್ರ ಸೋಹನಿ ಆಗಿ ಲಲಿತ್ ಆಗಿ ಬೆಳಗಾಗಿ ಭೈರವ್ ಬರೋದು ಕೇಳೋಕಾಗತ್ತೆ, ರಾಗಕ್ಕೆ ಹೊತ್ತು ಯಾಕೆ ಇಟ್ಟಿದಾರೆ ಅನ್ನೋದು ನಿದ್ದೆಗೆಟ್ಟ ಮೈಗೆ ತಾನಾಗೇ ತಿಳಿಯತ್ತೆ.

ಮುಂದಿನ ತಿಂಗಳು ಮಳೆ ಶುರುವಾಗತ್ತೆ, ನಾವು ಮಲ್ಹಾರ್‌ಗಳಿಗೆ ಹೋಗ್ತೀವಿ. ಮಿಯಾ ಮಲ್ಹಾರ್ ಮತ್ತು ಬಹಾರ್ ಒಟ್ಟಿಗೆ ಇಟ್ಕೊಂಡು ಕೇಳ್ಬೇಕು ಅಂತಿದೀನಿ, ಎರಡರಲ್ಲೂ ಕೋಮಲ ಗ, ಎರಡು ನಿ, ಆದ್ರೆ ಮಿಯಾ ಮಲ್ಹಾರ್‌ನಲ್ಲಿ ಆ ಗ ತೂಗ್ತಾ ನಿಧಾನವಾಗಿ ಬರತ್ತೆ, ಬಹಾರ್‌ನಲ್ಲಿ ಕುಣ್ಕೊಂಡು ಹೋಗತ್ತೆ. ಜೊತೆಗೆ ಗೌಡ್ ಮಲ್ಹಾರ್. ಭೀಮಸೇನರ ಮಿಯಾ ಮಲ್ಹಾರ್ ನನ್ನ ಹತ್ರ ಇದೆ. ಮನ್ಸೂರರ ಗೌಡ್ ಮಲ್ಹಾರ್ ಧಾರವಾಡದ ಆಕಾಶವಾಣಿದೋ, ಯಾವುದಾದ್ರೂ ಬೈಠಕ್‌ದೋ, ಯಾರ ಹತ್ರನಾದ್ರೂ ಇದ್ರೆ ಕಳಿಸಿ. ನಿಮಿಷ ಮಾತ್ರ ಬರೆದೇ ಕಳಿಸಿ.